ಅತ್ತವರ ಕೈಗೆ ಮೊಸರನ್ನದ ಡಬ್ಬಿ

ಕೆಲವರ ಜಾತಕದಲ್ಲಿ ಗಜಕೇಸರಿ ಯೋಗ ಇರುತ್ತದಂತೆ. ನಮ್ಮ ನಾಲ್ವರ ಜಾತಕದಲ್ಲಿ ಇರುವುದು ನಗೆಪಾಟಲಿನ ಯೋಗ. ಸಾವಿನ ಮನೆಗೆ ಮಾತಾಡಿಸಲು ಹೋದರೂ ಅಲ್ಲಿ ಏನಾದರೊಂದು ಎಡವಟ್ಟಾಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿಬರಬೇಕಾಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮಾಡಿದ ಆ ಪ್ರವಾಸವೂ ಹಾಗೆಯೇ. ಹೊರಟ ಕಾರಣ ನೋಡಿದರೆ ದಾರಿಯುದ್ದಕ್ಕೂ ಅಳುತ್ತ ಹೋಗಬೇಕಿತ್ತು.

ನಾಲ್ವರು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ನಾನು ವಾಷಿಂಗ್ಟನ್ ಹತ್ತಿರದ ರೆಸ್ಟನ್‌ನ ಒಂದು ಆಫೀಸಿನಲ್ಲಿ, ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವವಳು. ಸಂಬಳ ಕೊಡದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ ಎಂದು ನನ್ನ ಗೆಳತಿ ಹೇಳುತ್ತಾಳೆ. ಈ ಗೆಳತಿ ಮೈಸೂರಿನಲ್ಲಿ ನನ್ನ ಜೊತೆ ಓದಿದವಳು, ಅಲ್ಲೇ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ ಆಗಿದ್ದವಳು. ಮದುವೆಯಾಗಿ ರಾಲಿ ಪಕ್ಕದ ಮಾರಿಸ್‌ವಿಲ್‌ಗೆ ಬಂದ ಮೇಲೆ ಮನೆಯಲ್ಲೇ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದಳು. ಅವಳ ಗಂಡ ಇಂಜಿನಿಯರು, ಮಾತು ಕಡಿಮೆ, ಎಲ್ಲಿಗೆ ಹೋದರೂ ಕಾರು ಬಿಡುವವರು ಅವರೇ. ಅದಕ್ಕೆ ನಾವು ಸಾರಥಿಗಳು ಅನ್ನುತ್ತೇವೆ. ನಾಲ್ಕನೆಯವರು ಅವರ ಪಕ್ಕದ ಟೌನ್‌ಹೌಸಿನ ಧಾರವಾಡದ ಆಂಟಿ. ಆಂಟಿಯ ಮಗ ಸೊಸೆ ಇಬ್ಬರೂ ಡಾಕ್ಟರು. ಆದರೂ ಬೀದಿಯ ರೋಗಗಳಿಗೆಲ್ಲ ಮದ್ದು ಹೇಳುವ ಜವಾಬ್ದಾರಿಯನ್ನು ಆಂಟಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಕ್ಯಾರೆಟ್

ಗೆಳತಿಗೆ ಚಿಕ್ಕಂದಿನಿಂದಲೂ ಹೊತ್ತು ಮುಳುಗಿದರೆ ಕಣ್ಣು ಕಾಣುತ್ತಿರಲಿಲ್ಲ. ಇರುಳುಗಣ್ಣು, ನಮ್ಮ ಅಜ್ಜಿಗೂ ಇತ್ತು ಅಂದುಕೊಂಡು ಸುಮ್ಮನಿದ್ದಳು. ಆ ವರ್ಷ ಹಗಲಲ್ಲೂ ಬಾಗಿಲು, ಕುರ್ಚಿ, ಪಾಠಕ್ಕೆ ಬಂದ ಮಕ್ಕಳು ಎಲ್ಲಕ್ಕೂ ಡಿಕ್ಕಿ ಹೊಡೆಯತೊಡಗಿದಳು. ರಾಲಿಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣೊಳಗಿನ ಪರದೆ ಅಂಚಿನಿಂದ ಒಣಗುತ್ತ ಬರುತ್ತಿದೆ, ಇದಕ್ಕೆ ಔಷಧಿ ಇಲ್ಲ, ನಡುವೆ ಸ್ವಲ್ಪ ಜಾಗ ಉಳಿದಿದೆ, ಅದೂ ಮುಚ್ಚಿಕೊಳ್ಳುತ್ತದೆ ಎಂದರು. ಅವಳಿಗೆ ಆಗಲೇ ಲೋಕ ಕಾಣುತ್ತಿದ್ದದ್ದು ಊದುಗೊಳವೆಗೆ ಕಣ್ಣಿಟ್ಟು ನೋಡಿದ ಹಾಗೆ.

ಸುದ್ದಿ ತಿಳಿದ ಕನ್ನಡದವರೆಲ್ಲ ನೋಡಲು ಬಂದರು. ಬರಿಗೈಯಲ್ಲಿ ಹೇಗೆ ಬರುವುದು? ಎಲ್ಲರೂ ಕ್ಯಾರೆಟ್ ತಂದರು. ಕ್ಯಾರೆಟ್ ಹಲ್ವಾ, ಕ್ಯಾರೆಟ್ ಕೋಸಂಬರಿ, ಕ್ಯಾರೆಟ್ ಜ್ಯೂಸು, ಏನೂ ಮಾಡಲು ಪುರಸೊತ್ತಿಲ್ಲದವರು ಚೀಲದಲ್ಲಿ ಹಸಿ ಕ್ಯಾರೆಟ್. ಫ್ರಿಜ್ಜಿನ ಬಾಗಿಲು ಮುಚ್ಚುತ್ತಿರಲಿಲ್ಲ. ನಾನು ರೆಸ್ಟನ್‌ನಿಂದ ಹೋದಾಗ ಆಂಟಿ ಕ್ಯಾರೆಟ್ಟಿನ ಉಪ್ಪಿನಕಾಯಿ ಹಾಕುತ್ತ ಕೂತಿದ್ದರು.

“ನಿಂಗೆ ಭಯ ಆಗಲ್ವೇನೆ?” ಎಂದು ನಾನು ಗೆಳತಿಯನ್ನು ಕೇಳಿದೆ. ಕೇಳಬಾರದಿತ್ತು, ಆದರೆ ನನ್ನ ಬಾಯಿ ಅಂಥದ್ದು.

“ಆಗುತ್ತೆ ಕಣೆ. ಬೆಳಿಗ್ಗೆ ಎದ್ದು ಮೊದಲು ಕೈಬೆರಳು ನೋಡ್ಕೋತೀನಿ, ಇವತ್ತು ಎಷ್ಟು ಕಾಣುತ್ತೆ ಅಂತ. ಕಣ್ಣು ಹೋದ್ರೆ ಹೋಗ್ಲಿ, ಈ ಕ್ಯಾರೆಟ್ ಒಂದು ಕಣ್ಣಿಗೆ ಬೀಳದೇ ಇದ್ರೆ ಸಾಕು ಅನ್ಸಿಬಿಟ್ಟಿದೆ.”

ಆಮೇಲೆ ಅವಳೇ ಹೇಳಿದಳು: “ಉಳಿದಿರೋದ್ರಲ್ಲಿ ಚಿತ್ರ ನೋಡ್ಬಿಡ್ತೀನಿ. ರಾಲಿ, ಅಟ್ಲಾಂಟಾ, ಕೊನೆಗೆ ವಾಷಿಂಗ್ಟನ್. ಅಲ್ಲಿ ನಮ್ಮ ಕಡೆಯ ಗಣಪತಿ ಒಂದು ಇದೆಯಂತೆ. ಅದನ್ನ ಇಡಿಯಾಗಿ ಒಂದು ಸಲ ನೋಡ್ಬೇಕು. ನೀನು ಬರ್ತೀಯಾ?”

ಮ್ಯೂಸಿಯಂ ಅಂದರೆ ನನಗೆ ಕಾಲುನೋವು ಅಂತಲೇ ಅರ್ಥ. ಬರುತ್ತೇನೆ ಎಂದೆ.

ಹೊರಟ ದಿನ ಕಾರು ಇನ್ನೂ ಮನೆಯ ಮುಂದೆ ನಿಂತಿರುವಾಗಲೇ ಆಂಟಿ ಅಳಲು ಶುರು ಮಾಡಿದರು. ಗೆಳತಿ ಮುಂದಿನ ಸೀಟಿನಿಂದಲೇ ಕಾನೂನು ಮಾಡಿದಳು: “ಈ ಟ್ರಿಪ್ಪಲ್ಲಿ ಯಾರೂ ಅಳೋ ಹಾಗಿಲ್ಲ. ಅತ್ತೋರು ಆ ಡಬ್ಬೀನ ಹಿಡ್ಕೊಂಡು ಕೂತ್ಕೋಬೇಕು.”

ಆ ಡಬ್ಬಿಯ ವಿಷಯ ಹೇಳಬೇಕು. ಆಂಟಿಯ ಮೊಸರನ್ನದ ಸ್ಟೀಲ್ ಡಬ್ಬಿ ಅದು. ಮುಚ್ಚಳ ಸಡಿಲ. ಪ್ರತಿ ತಿರುವಿನಲ್ಲೂ ಹಿಡಿದವರ ಮಡಿಲಿಗೆ ಒಂದಿಷ್ಟು ಹುಳಿ ನೀರು ಸುರಿಯುತ್ತಿತ್ತು. ಆಂಟಿ ಮೋಟೆಲಿನ ರೂಮಿನಲ್ಲೇ ಅನ್ನ ಮಾಡಿ ಅದನ್ನು ಮತ್ತೆ ಮತ್ತೆ ತುಂಬುತ್ತಿದ್ದರಿಂದ ಡಬ್ಬಿ ಖಾಲಿಯಾಗುವ ಆಸೆಯೂ ಇರಲಿಲ್ಲ. ಮೊದಲ ಶಿಕ್ಷೆ ಆಂಟಿಗೇ ಆಯಿತು. ಹೆದ್ದಾರಿ ಮುಟ್ಟುವಷ್ಟರಲ್ಲಿ ಅವರ ಇಳಕಲ್ ಸೀರೆ ಒದ್ದೆ.

ಭುಜ

ರಾಲಿಯ ಮ್ಯೂಸಿಯಮ್ಮಿನಲ್ಲಿ ಗೆಳತಿ ಗಂಡನ ಭುಜದ ಮೇಲೆ ಕೈಯಿಟ್ಟುಕೊಂಡು ಹಿಂದೆ ನಡೆಯುತ್ತಿದ್ದಳು. ಚಿತ್ರ ಪೂರ್ತಿ ಒಂದೇ ಸಲ ಕಾಣದು. ಒಂದು ಅಂಗೈಯಷ್ಟು ನೋಡಬೇಕು, ಪಕ್ಕಕ್ಕೆ ಜರುಗಬೇಕು, ಮತ್ತೊಂದು ಅಂಗೈಯಷ್ಟು ನೋಡಬೇಕು. ಕಂಡದ್ದನ್ನೆಲ್ಲ ಗಂಡನಿಗೆ ವಿವರಿಸುತ್ತಿದ್ದಳು, ಟೀಚರ್ ಬುದ್ಧಿ. ನನ್ನ ಕಾಲು ಪದ ಹೇಳತೊಡಗಿದ್ದರಿಂದ ನಾನು ಆಂಟಿಯ ಜೊತೆ ಬೆಂಚಿನ ಮೇಲೆ ಕೂತೆ. ಸಾರಥಿಗಳೂ ಅವಳನ್ನು ಒಂದು ಚಿತ್ರದ ಮುಂದೆ ನಿಲ್ಲಿಸಿ, ಒಂದು ನಿಮಿಷ ಬಂದು ನಮ್ಮ ಪಕ್ಕ ಕೂತರು.

ನೋಡಿದರೆ ಗೆಳತಿ ಆಚೆ ಬಾಗಿಲಿನಿಂದ ಮುಂದಿನ ಕೋಣೆಗೆ ಹೋಗುತ್ತಿದ್ದಾಳೆ, ಕೈ ಒಬ್ಬರ ಭುಜದ ಮೇಲಿದೆ. ಭುಜದ ಮೇಲಿನ ಕಂದು ಕೋಟು ಸಾರಥಿಗಳದ್ದರ ಹಾಗೇ ಇದೆ. ಆದರೆ ಸಾರಥಿಗಳು ಇಲ್ಲಿ ಕೂತಿದ್ದಾರೆ!

ಮೂವರೂ ಎದ್ದೆವು. ಆ ಊರಿನ ಯಾರೋ ಅಜ್ಜ. ಹೆಂಗಸೊಬ್ಬಳು ಭುಜ ಹಿಡಿದುಕೊಂಡರೆ ಕೊಡವಿಕೊಳ್ಳಬಾರದು ಎಂದು ಅವನ ತಾಯಿ ಹೇಳಿಕೊಟ್ಟಿದ್ದಳೋ ಏನೋ, ಅವಳು ನಿಂತಲ್ಲಿ ನಿಂತು, ಜರುಗಿದಲ್ಲಿ ಜರುಗಿ, ಅಡುಗೆಮನೆಯ ಒಂದು ದೊಡ್ಡ ಚಿತ್ರದ ಮುಂದೆ ಬಂದಿದ್ದ. ಗೆಳತಿ ಅಚ್ಚ ಮೈಸೂರು ಕನ್ನಡದಲ್ಲಿ ಹೇಳುತ್ತಿದ್ದಳು: “ಈ ತಾಮ್ರದ ಪಾತ್ರೆ ನೋಡಿ. ಇದರ ಹೊಟ್ಟೆ ಮೇಲೆ ಎದುರುಗಡೆ ಕಿಟಕಿ ಬರೆದಿದಾನೆ. ಕಿಟಕೀಲಿ ಆಕಾಶಾನೂ ಬರೆದಿದಾನೆ. ಎಷ್ಟು ತಾಳ್ಮೆ ಅಲ್ವಾ?”

“ಯೆಸ್ ಮ್ಯಾಮ್,” ಎಂದ ಅಜ್ಜ.

ಸಾರಥಿಗಳು ಓಡಿಹೋಗಿ ಹತ್ತು ಸಲ ಸಾರಿ ಹೇಳಿದರು. ಅಜ್ಜ ಟೋಪಿ ತೆಗೆದು, ಈ ಮ್ಯೂಸಿಯಮ್ಮಿಗೆ ಎಷ್ಟೋ ವರ್ಷದಿಂದ ಬರುತ್ತಿದ್ದರೂ ಆ ಪಾತ್ರೆಯಲ್ಲಿ ಕಿಟಕಿ ಇರುವುದನ್ನು ಇವತ್ತೇ ನೋಡಿದ್ದು ಎಂದ. ಅವಳ ಬೆರಳು ತೋರಿದ ಕಡೆ ನೋಡಿದನಂತೆ, ಅಷ್ಟೇ.

ಗೆಳತಿ ನಾಚಿಕೆಯಿಂದ ಕುಗ್ಗಿಹೋಗಬಹುದು ಎಂದು ನಾನು ಹೆದರಿದ್ದೆ. ಅವಳು ಗಂಡನ ಕಡೆ ತಿರುಗಿ, “ಅದಕ್ಕೇ ಅನ್ಕೊಂಡೆ ರೀ, ಇವತ್ತು ಯಾಕೋ ‘ಸಾಕು, ಹೋಗೋಣ’ ಅಂತ ಒಂದ್ ಸಲಾನೂ ಹೇಳ್ಲಿಲ್ವಲ್ಲ ಅಂತ,” ಎಂದಳು.

ಬೆಂಡೆಕಾಯಿ

ಸೌತ್ ಕೆರೊಲಿನಾದಲ್ಲಿ ದಾರಿಬದಿಯ ಒಂದು ಊಟದ ಮನೆಯಲ್ಲಿ ನಿಲ್ಲಿಸಿದೆವು. ಮಾಂಸ ಇಲ್ಲದ್ದು ಏನಿದೆ ಎಂದರೆ ಬಡಿಸುವಾಕೆ ತುಂಬ ಯೋಚಿಸಿ, ಬೀನ್ಸ್ ಇದೆ, ಅದರಲ್ಲಿ ಹಂದಿ ರುಚಿಗೆ ಮಾತ್ರ ಎಂದಳು. ಆಂಟಿ ಶಿವಶಿವಾ ಎಂದು ಕಿವಿ ಮುಚ್ಚಿಕೊಂಡರು. ಕೊನೆಗೆ ಗ್ರಿಟ್ಸ್ ಎಂಬ ಮೆಕ್ಕೆಜೋಳದ ಗಂಜಿಯಂಥದ್ದೊಂದು ಬಂತು. ಆಂಟಿ ಬೆರಳ ತುದಿಯಲ್ಲಿ ಮುಟ್ಟಿ ನೋಡಿ ಚೀರಿದರು: “ಇದು ನಮ್ಮ ನುಚ್ಚು ಅಲ್ಲೇನವಾ! ಗೊಂಜಾಳದ ನುಚ್ಚು! ಈ ಮಂದಿಗೆ ಇದನ್ನ ಕಲಿಸಿದವರು ಯಾರು?”

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಡಬ್ಬಿ ತೆಗೆದು ಅನ್ನದ ಮೇಲೆ ನಿಂತಿದ್ದ ಮೊಸರನ್ನು ನುಚ್ಚಿಗೆ ಬಗ್ಗಿಸಿದರು. ಕೈಚೀಲದಿಂದ ಬಾಳಕ ತೆಗೆದರು. ಬಾಳಕ ಅಂದರೆ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಕರಿದ ಮೆಣಸಿನಕಾಯಿ. ಆಂಟಿಯದ್ದು ಬ್ಯಾಡಗಿಯ ಸೌಮ್ಯ ಜಾತಿಯಲ್ಲ, ನೋಡಿದರೇ ಬೆವರುವಂಥದ್ದು. ಅದನ್ನು ಎಲ್ಲರ ತಟ್ಟೆಯ ಅಂಚಿಗೂ ಇಟ್ಟರು. ಅದೇ ತಟ್ಟೆಯ ಇನ್ನೊಂದು ಅಂಚಿನಲ್ಲಿ ಆ ಊರಿನವರು ಮಾಡುವ ಕರಿದ ಬೆಂಡೆಕಾಯಿ ಇತ್ತು.

ಊದುಗೊಳವೆಯ ಕಣ್ಣಿಗೆ ಎರಡೂ ಒಂದೇ. ಗೆಳತಿ “ಬೆಂಡೆಕಾಯಿ ಚೆನ್ನಾಗಿ ಕಾಣುತ್ತೆ,” ಎನ್ನುತ್ತ ಮೂರು ಬಾಳಕವನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡಳು.

ಮುಖ ಕೆಂಪಾಯಿತು, ಕಣ್ಣು ಮೂಗು ಎಲ್ಲ ಧಾರಾಕಾರ. ಬಡಿಸುವಾಕೆ ಹಾಲಿನ ಜಗ್ ಹಿಡಿದುಕೊಂಡು ಓಡಿಬಂದಳು. ಉರಿ ಕಡಿಮೆಯಾದ ಮೇಲೆ ಸಾರಥಿಗಳು ಡಬ್ಬಿಯನ್ನು ಅವಳ ಮುಂದೆ ತಳ್ಳಿದರು.

“ರೀ, ಅನ್ಯಾಯ! ಇದು ಅಳು ಅಲ್ಲ, ಖಾರ!”

ನಾನು ಅವಳ ಪರ ವಾದಿಸಿದೆ. ಖಾರದ ಕಣ್ಣೀರಿಗೂ ದುಃಖದ ಕಣ್ಣೀರಿಗೂ ವ್ಯತ್ಯಾಸ ಇಲ್ಲವೇ? ಆಂಟಿ ಕೈ ಎತ್ತಿ ತೀರ್ಪು ಕೊಟ್ಟರು: “ಕಣ್ಣೀರಿಗೆ ಕಾರಣ ಕೇಳಬಾರದವಾ. ಬಂತೋ, ಡಬ್ಬಿ ಹಿಡಿ.”

ಜಾರ್ಜಿಯಾದ ಗಡಿ ದಾಟುವವರೆಗೂ ಗೆಳತಿ ಡಬ್ಬಿ ಹಿಡಿದು ಕೂತಿದ್ದಳು. ನಡುನಡುವೆ, “ನಿಜವಾಗ್ಲೂ ಅತ್ತಿದ್ರೆ ಇಷ್ಟು ಸಂಕಟ ಆಗ್ತಿರ್ಲಿಲ್ಲ,” ಎಂದು ಗೊಣಗುತ್ತಿದ್ದಳು.

ಕತ್ತಲೆಯ ಕಛೇರಿ

ಅಟ್ಲಾಂಟಾದಲ್ಲಿ ಸಾರಥಿಗಳ ಆಫೀಸಿನವರು ಯಾರೋ ಹೇಳಿದ್ದರಂತೆ, ಒಂದು ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನ ಊಟದ ಜೊತೆ ಜಾಜ್ ನುಡಿಸುತ್ತಾರೆ ಎಂದು. ಹೋದೆವು. ಅದು ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ, ಮೇಜಿಗೊಂದು ಮೇಣದಬತ್ತಿ. ಮೆಟ್ಟಿಲು ಇಳಿಯುತ್ತಿದ್ದಂತೆ ಗೆಳತಿ ನಿಂತುಬಿಟ್ಟಳು. ಹೊರಗೆ ಬಿಸಿಲು ಸುರಿಯುತ್ತಿತ್ತು, ಅವಳಿಗೆ ಮಾತ್ರ ಅಮಾವಾಸ್ಯೆ.

ಕುರ್ಚಿಯಲ್ಲಿ ಕೂರಿಸಿದೆವು. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ನೀವು ನೋಡಿ, ನಾನು ಕೇಳ್ತೀನಿ. ನಂಗೆ ಇದು ರಿಹರ್ಸಲ್ ಅಷ್ಟೇ,” ಎಂದಳು. ಯಾವ ದೇವರ ಮೇಲೆ ಎಂದು ಗೊತ್ತಿಲ್ಲ, ನನಗೆ ತುಂಬ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹೇಳಿದೆ: “ಅವಳು ಕಾಣದ್ದು ನಮಗೂ ಬೇಡ. ಎಲ್ಲರೂ ಕಣ್ಣು ಮುಚ್ಚಿ.”

ನಾಲ್ವರೂ ಕಣ್ಣು ಮುಚ್ಚಿಕೊಂಡು ಕೂತೆವು. ಸ್ಯಾಕ್ಸೊಫೋನ್ ಶುರುವಾಯಿತು. ನನಗೆ ಸಂಗೀತ ಅಷ್ಟಾಗಿ ತಿಳಿಯದು. ಆಂಟಿ ಧಾರವಾಡದಲ್ಲಿ ಕಛೇರಿಗಳ ಮುಂದಿನ ಸಾಲಿನಲ್ಲಿ ಕೂತು ಬೆಳೆದವರು. ಒಂದು ಒಳ್ಳೆಯ ಜಾಗ ಬಂದರೆ “ಆಹಾ!”, ಇನ್ನೂ ಒಳ್ಳೆಯದು ಬಂದರೆ “ಭಲೇ! ಏನ್ ಸ್ವರ ಹಚ್ಚಿದಿ ಮಗನ!” ಊಟ ಮಾಡುತ್ತಿದ್ದ ಮಂದಿ ನಮ್ಮ ಕಡೆ ತಿರುಗಿ ನೋಡುತ್ತಿದ್ದಿರಬೇಕು, ನಾವು ಕಣ್ಣು ಮುಚ್ಚಿದ್ದರಿಂದ ಮರ್ಯಾದೆ ಉಳಿಯಿತು. ನುಡಿಸುವವನಿಗೆ ಇಂಥ ರಸಿಕರು ಎಲ್ಲಿ ಸಿಗಬೇಕು? ಅವನು ವೇದಿಕೆ ಇಳಿದು, ನುಡಿಸುತ್ತಲೇ ಆಂಟಿಯ ಹತ್ತಿರ ಬಂದು, ಅವರ ಮುಖಕ್ಕೆ ಗೇಣಂತರದಲ್ಲಿ ನಿಂತ.

ಸ್ವರ ಇಷ್ಟು ಜೋರಾಗಲು ಕಾರಣ ಏನು ಎಂದು ಆಂಟಿ ಕಣ್ಣು ಬಿಟ್ಟರು. ಮೇಣದಬತ್ತಿಯ ಬೆಳಕಿನಲ್ಲಿ ಹಿತ್ತಾಳೆಯ ದೊಡ್ಡ ಬಾಯಿ, ಅದರ ಹಿಂದೆ ಉಬ್ಬಿದ ಕೆನ್ನೆ. “ಅಯ್ಯಯ್ಯೋ ಶಿವನೇ!” ಎಂದು ಕಿಟಾರನೆ ಕಿರುಚಿದರು. ಇಡೀ ಹೋಟೆಲು ಎದ್ದು ಚಪ್ಪಾಳೆ ತಟ್ಟಿತು. ಅವನು ಬಗ್ಗಿ ಆಂಟಿಯ ಕೈಗೆ ಮುತ್ತಿಟ್ಟು, ತನ್ನ ಜೀವನದಲ್ಲಿ ಇಂಥ ಮೆಚ್ಚುಗೆ ಸಿಕ್ಕಿಲ್ಲ ಎಂದ.

ಆ ಗದ್ದಲದಲ್ಲಿ ನಾನು ಸಾರಥಿಗಳ ಕಡೆ ನೋಡಿದೆ. ಅವರು ಇನ್ನೂ ಕಣ್ಣು ಮುಚ್ಚಿಯೇ ಕೂತಿದ್ದರು, ಕೆನ್ನೆ ಪೂರ್ತಿ ಒದ್ದೆ. ಆಮೇಲೆ ಕಣ್ಣು ಬಿಟ್ಟು, ನನ್ನನ್ನು ಕಂಡು, “ನಿದ್ದೆ ಬಂದಿತ್ತು, ಆಕಳಿಸಿದೆ,” ಎಂದರು. ಆಕಳಿಕೆಗೆ ಅಷ್ಟು ನೀರು ಬರುವುದಿಲ್ಲ. ತಪ್ಪು ಹುಡುಕುವುದೇ ನನ್ನ ಕಸುಬು, ಆದರೂ ಸುಮ್ಮನಾದೆ.

ಕಾರು ಬಿಡುವವರ ಮಡಿಲಿಗೆ ಡಬ್ಬಿ ಕೊಟ್ಟರೆ ನಾಲ್ವರೂ ಕೈಲಾಸಕ್ಕೇ. ಕಾರು ಹತ್ತುವಾಗ ಸದ್ದಿಲ್ಲದೆ ನಾನೇ ಎತ್ತಿಕೊಂಡೆ. ಗೆಳತಿ ಮುಂದಿನ ಸೀಟಿನಿಂದ ಮೂಗು ಅರಳಿಸಿ, “ಡಬ್ಬಿ ವಾಸನೆ ನಿನ್ನ ಕಡೆಯಿಂದ ಬರ್ತಿದೆ. ನೀನು ಅತ್ತೆಯಾ?” ಎಂದಳು.

“ಹೂಂ. ಹಾಡು ಕೇಳಿ.”

“ನಿಂಗೆ ಹಾಡು ಗೀಡು ಎಲ್ಲಿ ತಿಳಿಯುತ್ತೆ?” ಎಂದು ನಕ್ಕಳು. ಆಮೇಲೆ ಗಂಡನ ಕೆನ್ನೆಯನ್ನು ತಡವಿ ಹುಡುಕಿ ಒರೆಸಿ, “ಇವ್ರು ಡ್ರೈವ್ ಮಾಡ್ತಾರೆ ಅಂತ ಇವ್ರ ಪಾಲಿನ ಡಬ್ಬಿ ನಿಂಗೆ ಬಂತು ನೋಡು,” ಎಂದಳು. ಅಷ್ಟು ಹೊತ್ತೂ ಅವಳಿಗೆ ಗೊತ್ತಿತ್ತು.

ಗಣಪತಿ

ಕೊನೆಗೆ ವಾಷಿಂಗ್ಟನ್. ಮ್ಯೂಸಿಯಮ್ಮಿನ ಎದುರಿನ ಹುಲ್ಲಿನ ಮೇಲೆ ಕೂತು ಊಟ ಮುಗಿಸಿದೆವು. ಆಂಟಿ ಉಳಿದ ಬಾಳಕವನ್ನೆಲ್ಲ ಕೈಯಲ್ಲಿ ಪುಡಿ ಮಾಡಿ ಮೊಸರನ್ನಕ್ಕೆ ಕಲಸಿದರು, ತಿಂದಾದ ಮೇಲೆ ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ ಸೆರಗಿಗೆ ಒರೆಸಿಕೊಂಡರು. ತಳದಲ್ಲಿ ಇನ್ನೂ ಎರಡು ತುತ್ತು ಉಳಿದಿದ್ದ ಡಬ್ಬಿಯನ್ನು ಕಾರಿನಲ್ಲಿ ಬಿಡಲು ಒಪ್ಪಲಿಲ್ಲ. “ಸ್ಟೀಲಿಂದು ಅದ, ಯಾರರ ಒಯ್ದರ?” ಎಂದು ಶಾಲಿನಲ್ಲಿ ಸುತ್ತಿ ಕೈಚೀಲದ ತಳಕ್ಕೆ ಸೇರಿಸಿದರು.

ಗಣಪತಿ ಒಳಗಿನ ಕೋಣೆಯಲ್ಲಿದ್ದ. ನಮ್ಮ ಕಡೆಯ ನುಣುಪು ಕಪ್ಪು ಕಲ್ಲು. ಬೇಲೂರು ಹಳೇಬೀಡಿನಲ್ಲಿ ಗೆಳತಿ ಮಕ್ಕಳನ್ನು ಕೂರಿಸಿಕೊಂಡು ಇಂಥವನ್ನು ಎಷ್ಟು ಬರೆಸಿದ್ದಳೋ. ಆದರೆ ಕೋಣೆಯಲ್ಲಿ ಬೆಳಕು ಮಬ್ಬು, ಕಲ್ಲೂ ಕಪ್ಪು. ನಮಗೆ ಚೆಂದ ಕಾಣುತ್ತಿತ್ತು. ಅವಳು ಮೂರ್ತಿಯ ಮುಂದೆ, ಕೈಯಳತೆಯಲ್ಲಿ ನಿಂತು, “ಎಲ್ಲಿದೆ?” ಎಂದಳು.

ಇಷ್ಟು ದಿನ ಎಲ್ಲದಕ್ಕೂ ಒಂದು ತಮಾಷೆ ಹುಟ್ಟುತ್ತಿತ್ತು, ಅಲ್ಲಿ ಹುಟ್ಟಲಿಲ್ಲ. ಅವಳು ಕನ್ನಡಕದ ಗಾಜು ಕೊಳೆಯಾಗಿರಬೇಕು ಎಂದು ತೆಗೆದು ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು. ಅದನ್ನು ನೋಡಲಾಗಲಿಲ್ಲ.

ಆಂಟಿಗೂ ಆಗಲಿಲ್ಲ. ದೇವರ ಹತ್ತಿರ ಹೋಗಲಾಗದವರಿಗೆ ಗುಡಿಯಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಬಗ್ಗಿ, ಗಣಪತಿಯ ಪಾದಗಳನ್ನು ಎರಡೂ ಕೈಯಿಂದ ಮುಟ್ಟಿ, ಆ ಬೆರಳುಗಳನ್ನು ಗೆಳತಿಯ ಎರಡೂ ಕಣ್ಣಿಗೆ ಗಟ್ಟಿಯಾಗಿ ಒತ್ತಿದರು.

ಆಮೇಲೆ ಗೆಳತಿ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು: “ಆಂಟೀ... ಬಾಳಕ...”

ಅಷ್ಟರಲ್ಲಿ ಬಾಗಿಲಿನಿಂದ ಗಾರ್ಡ್ ಬಂದ. ತಲೆ ನರೆತ ಭಾರಿ ಆಳು. ಮೂರ್ತಿ ಮುಟ್ಟಬಾರದು ಮ್ಯಾಮ್, ಎಂದು ಗದರಲು ಬಾಯಿ ತೆರೆದವನು ಗೆಳತಿಯ ಮುಖ ನೋಡಿ ನಿಂತ. ಅವಳ ಕಣ್ಣುಗಳಿಂದ ಎರಡು ಹೊಳೆ ಹರಿಯುತ್ತಿದ್ದವು. ಸಾರಥಿಗಳು ತಡವರಿಸುತ್ತ ಹೇಳಿದರು: ಇವಳಿಗೆ ಕಣ್ಣು ಹೋಗುತ್ತಿದೆ, ಇದನ್ನು ನೋಡಲೆಂದೇ ಬಂದಳು, ಇಲ್ಲಿ ಕತ್ತಲು. ಹೇಳಿದ್ದು ಪ್ರತಿ ಅಕ್ಷರವೂ ನಿಜ. ಮೆಣಸಿನಕಾಯಿಯ ವಿಷಯ ಮಾತ್ರ ಹೇಳಲಿಲ್ಲ.

ತನ್ನ ತಾಯಿಗೂ ಕೊನೆಕೊನೆಗೆ ಕಣ್ಣು ಹೋಗಿತ್ತು, ತನ್ನ ಮುಖ ತಡವಿ ಗುರುತು ಹಿಡಿಯುತ್ತಿದ್ದಳು ಎಂದ ಗಾರ್ಡ್. ಆಮೇಲೆ, ಪಕ್ಕದ ಕೋಣೆಯ ಕಡೆ ಸ್ವಲ್ಪ ಹೊತ್ತು ನೋಡಬೇಕಾಗಿದೆ ಎಂದು ಹೇಳಿ, ಬಾಗಿಲಲ್ಲಿ ನಮಗೆ ಬೆನ್ನು ಮಾಡಿ ನಿಂತ.

ನಾನು ಗೆಳತಿಯ ಕೈಗಳನ್ನು ಕಲ್ಲಿನ ಮೇಲಿಟ್ಟೆ.

“ಸೊಂಡಿಲು... ಎಡಕ್ಕೆ ತಿರುಗಿದೆ,” ಎಂದಳು. “ಕೈಯಲ್ಲಿ ಮೋದಕ. ಇದು ಹೊಟ್ಟೆ. ಹಾವು ಸುತ್ಕೊಂಡಿದಾನೆ ಕಣೆ, ಗಂಟು ಹಾಕಿರೋದು ಸಿಗ್ತಿದೆ. ಗೆಜ್ಜೆ. ಅಯ್ಯೋ, ಕಾಲಿನ ಉಗುರು ಕೂಡ ಕೆತ್ತಿದಾರೆ!” ಎರಡೂ ಕೈ ಚಾಚಿ ಗಣಪತಿಯನ್ನು ತಬ್ಬಿಕೊಂಡಂತೆ ಹಿಡಿದಳು. “ಇಡೀ ಟ್ರಿಪ್ಪಲ್ಲಿ ಎಲ್ಲಾನೂ ಚೂರುಚೂರಾಗೇ ಸಿಕ್ಕಿತ್ತು. ಇವನೊಬ್ಬ ಒಂದೇ ಸಲಕ್ಕೆ ಪೂರ್ತಿ ಸಿಕ್ಕಿದ.”

ಗಾರ್ಡ್ ತಿರುಗಿದಾಗ ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಆಂಟಿ ಅದನ್ನು ನೋಡಿದರು. ಕಣ್ಣೀರಿಗೆ ಕಾರಣ ಕೇಳಬಾರದು, ಅತ್ತವನು ಪರದೇಶದವನೇ ಎಂದು ಕೂಡ ನೋಡಬಾರದು. ಕೈಚೀಲದ ತಳದಿಂದ ಶಾಲು ಬಿಚ್ಚಿ ಡಬ್ಬಿ ತೆಗೆದು ಅವನ ಕೈಗೆ ಕೊಟ್ಟು, “ರೂಲ್,” ಎಂದರು.

ಅವನು ಸಡಿಲ ಮುಚ್ಚಳ ಎತ್ತಿ ಮೂಸಿದ. ಶತಮಾನಗಳ ಹಿಂದಿನ ಮೂರ್ತಿಯನ್ನು ತಬ್ಬಿಕೊಳ್ಳಲು ಬಿಟ್ಟವನ ಮುಖ ಗಂಭೀರವಾಯಿತು. “ಮ್ಯಾಮ್, ಗ್ಯಾಲರಿಯೊಳಗೆ ಊಟ ತರುವ ಹಾಗಿಲ್ಲ.”

ಗೆಳತಿಯ ನಗು ಆ ಕೋಣೆಯ ಕಲ್ಲುಗಳಿಗೆಲ್ಲ ಕೇಳಿಸಿರಬೇಕು. ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು, ಉತ್ಸವಮೂರ್ತಿ ಹೊತ್ತವನಂತೆ ಮುಂದೆ ಮುಂದೆ ನಡೆದು, ನಮ್ಮನ್ನು ಹೊರಬಾಗಿಲಿನವರೆಗೂ ಕರೆತಂದ. ಬಿಸಿಲಿನಲ್ಲಿ ಗೆಳತಿಯ ಕಣ್ಣು ಎರಡು ಕೆಂಪು ದಾಸವಾಳ.

“ಇನ್ನೂ ಉರೀತಿದೆಯೇನೆ?” ಎಂದು ಕೇಳಿದೆ.

“ತುಂಬ. ಉರೀಲಿ ಬಿಡು. ಉರಿಯೋದಕ್ಕಾದ್ರೂ ಕಣ್ಣು ಇನ್ನೂ ಇದೆಯಲ್ಲ.”

ಆಂಟಿ ತಮ್ಮ ಬೆರಳುಗಳನ್ನೇ ನೋಡಿಕೊಂಡು, “ಹಂಗಾರ ಇನ್ನೊಂದ್ ಸಲ ಒತ್ತಲೇನವಾ?” ಎಂದರು.

ಗೆಳತಿ ಕನ್ನಡಕ ತೆಗೆದು ಮುಖ ಮುಂದೆ ಮಾಡಿದಳು.

ಡಬ್ಬಿಯನ್ನು ಗಾರ್ಡಿನ ಕೈಯಿಂದ ನಾನೇ ಇಸಿದುಕೊಂಡೆ.